ಚೌರಿ ಇಟ್ಟ ಕವಿಗಳೂ ಬೋಳುತಲೆಯ ಅಜ್ಜಿಯೂ

ಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ದೇವರ ಪಟವಿರಲಿಲ್ಲ, ಮನೆತನದ ಹಿರಿಯರ ಫೋಟೋ ಕೂಡ ಇರಲಿಲ್ಲ. ಇದ್ದವರು ಐದು ಜನ ಇಂಗ್ಲಿಷ್ ಗಂಡಸರು. ಎಲ್ಲರೂ ಸತ್ತು ಇನ್ನೂರು ವರ್ಷ ಆಗಿತ್ತು. ಆದರೂ ಗೋಡೆಯ ಮೇಲೆ ಜಾಗ ಹಿಡಿದು ಕೂತು, ಮನೆಗೆ ಬಂದವರನ್ನೆಲ್ಲ ನೀನು ಯಾರು ಎನ್ನುವ ಹಾಗೆ ನೋಡುತ್ತಿದ್ದರು.

ಇದಕ್ಕೆಲ್ಲ ಹೊಣೆ ನಮ್ಮಪ್ಪ. ಅವರು ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರು. ಹದಿನೆಂಟನೆಯ ಶತಮಾನದ ಲಂಡನ್ನಿನ ಬೀದಿಗಳೆಲ್ಲ ಅವರಿಗೆ ಬಾಯಿಪಾಠ. ಆದರೆ ನಮ್ಮ ಬಡಾವಣೆಯಲ್ಲಿ ಹೊಸ ಸೈಟುಗಳ ನಡುವೆ ದಾರಿ ತಪ್ಪಿ ಪಕ್ಕದವರ ಮನೆಯ ಗೇಟು ತೆಗೆದು ಒಳಗೆ ಹೋಗಿದ್ದೂ ಉಂಟು. ಒಂದು ಭಾನುವಾರ ಅವೆನ್ಯೂ ರಸ್ತೆಯ ಹಳೇ ಪುಸ್ತಕದವರ ಹತ್ತಿರದಿಂದ ರಟ್ಟಿಲ್ಲದ ದಪ್ಪ ಪುಸ್ತಕವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಆ ಕಾಲದ ಇಂಗ್ಲಿಷ್ ಸಾಹಿತಿಗಳ ಭಾವಚಿತ್ರಗಳು, ಅವರು ಓಡಾಡಿದ ಜಾಗಗಳ ಚಿತ್ರಗಳು ಅದರಲ್ಲಿದ್ದವು. ಗೆದ್ದಲು ಗದ್ಯವನ್ನೆಲ್ಲ ತಿಂದು ಚಿತ್ರಗಳನ್ನು ಹಾಗೇ ಬಿಟ್ಟಿತ್ತು. ಓದಿದ ಪುಸ್ತಕಗಳನ್ನು ನೋಡಿದರೆ ನನಗೂ ಎಷ್ಟೋ ಸಲ ಹಾಗೇ ಮಾಡಬೇಕು ಅನ್ನಿಸಿದೆ.

ಅಪ್ಪ ಏಳು ಚಿತ್ರಗಳನ್ನು ಬ್ಲೇಡಿನಿಂದ ಬಿಡಿಸಿ ಗಾಂಧಿ ಬಜಾರಿನ ಪಟದ ಅಂಗಡಿಗೆ ಕೊಟ್ಟರು. ತರಲು ಹೋದಾಗ ನಾನೂ ಜೊತೆಗಿದ್ದೆ. ಅಂಗಡಿಯವನು ಏಳಕ್ಕೂ ಕಟ್ಟು ಹಾಕಿ, ಐದು ಜನರಿಗೆ ಜರಿಯ ಹಾರವನ್ನೂ ಹಾಕಿ ಸಾಲಾಗಿ ನಿಲ್ಲಿಸಿದ್ದ.

“ಇದೇನಪ್ಪಾ, ಹಾರ ಯಾಕೆ ಹಾಕಿದೆ?” ಅಂದರು ಅಪ್ಪ.

“ತೀರ್‍ಕೊಂಡಿದಾರಲ್ಲ ಸಾರ್?”

“ಇನ್ನೂರು ವರ್ಷ ಆಯ್ತಯ್ಯ ತೀರ್‍ಕೊಂಡು.”

“ಹಂಗಾದ್ರೆ ಇನ್ನೂ ದೊಡ್ಡ ಹಾರ ಹಾಕ್ಬೇಕಿತ್ತು. ತಾಯಿ ಕಡೆಯೋರಾ ಸಾರ್, ತಂದೆ ಕಡೆಯೋರಾ?”

ಅಪ್ಪ ಹಾರಗಳನ್ನು ಕಿತ್ತು ಮೇಜಿನ ಮೇಲಿಟ್ಟರು. ಅಂಗಡಿಯವನು ನನ್ನ ಕಡೆ ನೋಡಿ, ಎಂಥ ಮಗನಮ್ಮಾ ಇವರು ಎನ್ನುವ ಹಾಗೆ ತಲೆ ಆಡಿಸಿದ. ನಾನು ಆಗ ಬಿ.ಎ. ಮೊದಲನೆಯ ವರ್ಷ. ನಗು ತಡೆಯಲು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ.

ಮನೆಯಲ್ಲಿ ನಾವು ನಾಲ್ಕೇ ಜನ. ಅಪ್ಪ, ಅಮ್ಮ, ನಾನು, ಅಜ್ಜಿ. ಅಜ್ಜಿ ಅಂದರೆ ಅಪ್ಪನ ತಾಯಿ. ಇಪ್ಪತ್ತು ವರ್ಷಕ್ಕೆ ಗಂಡ ಹೋದ. ಹತ್ತನೆಯ ದಿನ ತಲೆ ಬೋಳಿಸಿದರು. ಅಲ್ಲಿಂದಾಚೆಗೆ ನಲವತ್ತು ವರ್ಷ ಹದಿನೈದು ದಿನಕ್ಕೊಮ್ಮೆ ಬೋಳಿಸಿಕೊಂಡೇ ಬಂದಿದ್ದಳು. ಕೆಂಪು ಸೀರೆ, ತಲೆಯ ಮೇಲೆ ಸೆರಗು, ಬಾಯಿ ತುಂಬ ಬೈಗುಳ. ಸಿಟ್ಟು ಬಂದರೆ ಅಪ್ಪನನ್ನು “ಮುಂಡೇಮಗನೇ” ಎಂದು ಕರೆಯುತ್ತಿದ್ದಳು. ಮುಂಡೆ ಅಂದರೆ ತಲೆ ಬೋಳಿಸಿದ ವಿಧವೆ. ಬೆಂಗಳೂರಿನಲ್ಲಿ ಆ ಬೈಗುಳವನ್ನು ಬೀದಿ ಬೀದಿಯಲ್ಲೂ ಕೇಳುತ್ತಿದ್ದೆ. ಅದು ಅಕ್ಷರಶಃ ಸತ್ಯವಾಗಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ.

ಪಟಗಳನ್ನು ಹಾಕಿದ ದಿನ ಮಧ್ಯಾಹ್ನ ಅಜ್ಜಿ ಹಾಲ್‌ಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮೊದಲು ನೋಡಿದ್ದು ಕಾಫಿಯಂಗಡಿಯ ಚಿತ್ರ. ಲಂಡನ್ನಿನ ಯಾವುದೋ ಓಣಿಯ ಅಂಗಡಿ. ಉದ್ದನೆಯ ಮೇಜು, ಹೊಗೆ ಸೇದುವ ಉದ್ದನೆಯ ಚುಂಗಾಣಿ, ಬಾಯಿ ತೆರೆದು ವಾದ ಮಾಡುತ್ತಿರುವ ಹತ್ತು ಹನ್ನೆರಡು ಜನ.

“ಇವರೆಲ್ಲ ಇಲ್ಲಿ ಏನು ಮಾಡ್ತಿದಾರೋ?”

“ಕಾಫಿ ಕುಡೀತಾ ಸಾಹಿತ್ಯ ಚರ್ಚೆ ಮಾಡ್ತಿದಾರಮ್ಮ. ಬೆಳಗ್ಗೆಯಿಂದ ಸಾಯಂಕಾಲದವರೆಗೂ ಅಲ್ಲೇ ಇರೋರು.”

“ಮನೇಲಿ ಹೆಂಡ್ತೀರು ಕಾಫಿ ಕೊಡ್ತಿರಲಿಲ್ವೇ, ಪಾಪ? ಕೊಡದೆ ಇದ್ದದ್ದೇ ಸರಿ ಬಿಡು, ಇಂಥ ಸೋಮಾರಿಗಳಿಗೆ.”

ಆಮೇಲೆ ಒಬ್ಬ ಕವಿ ಹಸಿದುಕೊಂಡು ಪದ್ಯ ಬರೆಯುತ್ತಿದ್ದ ಅಟ್ಟದ ಚಿತ್ರ ನೋಡಿ “ನೆಲ ಗುಡಿಸಿಲ್ಲ” ಅಂದಳು. ಕೊನೆಗೆ ಐದು ಭಾವಚಿತ್ರಗಳ ಮುಂದೆ ನಿಂತು ಮೊದಲ ನಾಲ್ಕನ್ನು ಒಂದೊಂದಾಗಿ ಹತ್ತಿರದಿಂದ ನೋಡಿದಳು. ಹೆಗಲ ಮೇಲೆ ಇಳಿಬಿದ್ದ ಬಿಳಿ ಗುಂಗುರು ಕೂದಲು, ಕತ್ತಿಗೆ ಲೇಸು, ನುಣ್ಣನೆಯ ಕೆನ್ನೆ.

“ಇವರೆಲ್ಲ ಅಕ್ಕತಂಗೀರೇನೋ?”

ಅಪ್ಪನಿಗೆ ಕಾಫಿ ನೆತ್ತಿಗೆ ಹತ್ತಿತು.

“ಹಣೆಗೆ ಕುಂಕುಮವಿಲ್ಲ, ಕೈಗೆ ಬಳೆಯಿಲ್ಲ. ತಲೆ ತುಂಬ ಕೂದಲು ಮಾತ್ರ ಇದೆ. ಸಕೇಶಿಯರು ಅನ್ನು.”

ಗಂಡ ಸತ್ತ ಮೇಲೂ ಕೂದಲು ಉಳಿಸಿಕೊಂಡವಳನ್ನು ನಮ್ಮವರು ಸಕೇಶಿ ಎನ್ನುತ್ತಿದ್ದರು. ಅದು ಬರೀ ಹೆಸರಲ್ಲ, ಶಿಕ್ಷೆ. ಸಕೇಶಿ ಮಡಿ ಅಡುಗೆಗೆ ಬರುವಂತಿಲ್ಲ, ಶ್ರಾದ್ಧದ ದಿನ ಒಲೆಯ ಹತ್ತಿರ ಸುಳಿಯುವಂತಿಲ್ಲ. ಅಪ್ಪನ ಐದು ಜನ ಮಹಾನುಭಾವರನ್ನು ಅಜ್ಜಿ ಒಂದೇ ಮಾತಿನಲ್ಲಿ ಅಡುಗೆಮನೆಯಿಂದ ಹೊರಗೆ ಕಳಿಸಿದ್ದಳು.

“ಅಮ್ಮಾ, ಅವರು ಗಂಡಸರು! ಕವಿಗಳು, ವಿಮರ್ಶಕರು. ಅವರ ಕಾಲವನ್ನ ವಿವೇಕದ ಶತಮಾನ ಅಂತಾರೆ.”

“ವಿವೇಕ ಇದ್ದೋರು ಹೆಂಗಸರ ಹಾಗೆ ಯಾಕೋ ಕೂದಲು ಬಿಟ್ಕೊಂಡಿದ್ರು?”

“ಅದು ಕೂದಲಲ್ಲ, ಚೌರಿ. ತಲೆ ಬೋಳಿಸಿ ಮೇಲೆ ಚೌರಿ ಇಟ್ಕೊಳ್ಳೋರು.”

ಅಜ್ಜಿ ಗಕ್ಕನೆ ತಿರುಗಿದಳು. ಅಷ್ಟು ಹೊತ್ತೂ ಅವಳು ಐದನೆಯವನನ್ನು ಸರಿಯಾಗಿ ನೋಡಿರಲಿಲ್ಲ. ಅವನು ಮನೆಯಲ್ಲಿ ಕೂತ ವೇಷದಲ್ಲಿದ್ದ. ಚೌರಿ ಇಲ್ಲ, ತಲೆಗೆ ಒಂದು ಬಟ್ಟೆಯ ಟೋಪಿ. ಟೋಪಿ ಒಂದು ಕಡೆ ವಾಲಿ ಕಿವಿಯ ಮೇಲಿನ ಬೋಳು ಕಾಣುತ್ತಿತ್ತು. ಅಜ್ಜಿ ಅವನ ಮುಂದೆ ತುಂಬ ಹೊತ್ತು ನಿಂತಳು.

“ಪಾಪ,” ಅಂದಳು. “ಇವನಿಗೆ ಯಾರು ಹೋದ್ರಂತೆ?”

ಅಪ್ಪನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ನಮ್ಮ ಮನೆಗಳಲ್ಲಿ ತಲೆ ಬೋಳಾಯಿತು ಅಂದರೆ ಸಾವಾಗಿದೆ ಎಂದೇ ಅರ್ಥ. ಅಪ್ಪ ಬಾಯಿ ಬಿಟ್ಟುಕೊಂಡು ನಿಂತಿದ್ದು ನೋಡಿ ಅಜ್ಜಿ ಇನ್ನೊಂದು ದಾರಿ ತೋರಿಸಿದಳು. “ಅಥವಾ ತಿರುಪತಿಗೇನಾದ್ರೂ ಹೋಗಿದ್ನಾ?”

ಅಡುಗೆಮನೆಯಲ್ಲಿ ಅಮ್ಮ ಕಿಸಕ್ಕನೆ ನಕ್ಕಳು.

“ಯಾರೂ ಹೋಗಿರಲಿಲ್ಲಮ್ಮ. ಬೋಳಿಸಿದ್ರೆ ಚೌರಿ ಸರಿಯಾಗಿ ಕೂರುತ್ತೆ, ಹೇನಿನ ಕಾಟ ಇರಲ್ಲ. ಅಷ್ಟೇ. ಬೇಕು ಅಂದ್ರೆ ಬೋಳಿಸ್ಕೊಳ್ಳೋರು, ಬೇಡ ಅಂದ್ರೆ ಬೆಳೆಸ್ಕೊಳ್ಳೋರು. ಅವರಿಷ್ಟ.”

“ಅವರಿಷ್ಟ?”

“ಹೂಂ, ಅವರಿಷ್ಟ.”

ಅಜ್ಜಿ ಮತ್ತೇನೂ ಕೇಳಲಿಲ್ಲ. ಅವಳು ಸುಮ್ಮನಾಗುವುದು ನಮ್ಮ ಮನೆಯಲ್ಲಿ ಅಪರೂಪ. ಅಮ್ಮ ಹೊರಗೆ ಬಂದು ಜ್ವರವೇನಾದರೂ ಬಂತೇ ಎಂದು ಹಣೆ ಮುಟ್ಟಿ ನೋಡಿದಳು.

ದೀಪಾವಳಿ ಕಳೆದ ವಾರ ಕ್ಷೌರದವರು ಬಂದರು. ಸಿದ್ದಾಪುರದ ಮುದುಕರು; ಸೈಕಲ್ ಮೇಲೆ ಬಂದು ಹಿತ್ತಿಲಿನ ನುಗ್ಗೆಮರದ ಕೆಳಗೆ ಕೂತು ಕತ್ತಿ ಮಸೆಯುತ್ತಿದ್ದರು. ಅಜ್ಜಿ ಹಿಂಬಾಗಿಲಲ್ಲಿ ನಿಂತು “ಇವತ್ತು ಬೇಡ” ಅಂದಳು.

“ಯಾಕ್ರಮ್ಮ, ಮೈ ಹುಷಾರಿಲ್ವಾ?”

“ಹುಷಾರಾಗೇ ಇದೀನಿ.”

“ಏಕಾದಸಿ ಗೀಕಾದಸಿ ಏನಾರಾ ಬಂತಾ?”

“ಏನೂ ಬಂದಿಲ್ಲ. ನನ್ನಿಷ್ಟ.”

ಮುದುಕರು ಕತ್ತಿಯನ್ನು ಮಡಿಸಿ ಚೀಲಕ್ಕೆ ಹಾಕಿದರು. ಮೊರದಲ್ಲಿ ಕೊಡುತ್ತಿದ್ದ ಅಕ್ಕಿ, ತೆಂಗಿನಕಾಯಿ ಕೊಟ್ಟೇ ಕಳಿಸಿದಳು. ಹದಿನೈದು ದಿನವಾದ ಮೇಲೆ ಅವರು ಮತ್ತೆ ಬಂದರು, ಇವಳು ಮತ್ತೆ ಬೇಡ ಅಂದಳು. ಮೂರನೆಯ ಸಲ ಅವರು ಕತ್ತಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಅಜ್ಜಿ ಸೆರಗು ಸರಿಸಿ ತೋರಿಸಿದಳು. ಮುದುಕರು ಎದ್ದು ನಿಂತು ಕಣ್ಣು ಕಿರಿದು ಮಾಡಿ ನೋಡಿ, “ಪೈರು ಸಂದಾಗಿ ಬಂದೈತೆ ಅಮ್ಮಾವ್ರೆ” ಅಂದರು.

ಅಪ್ಪನಿಗೆ ಶುರುವಿನಲ್ಲಿ ಹೆಮ್ಮೆಯೋ ಹೆಮ್ಮೆ. ತನ್ನ ಪಟಗಳಿಂದಲೇ ವಿವೇಕದ ಶತಮಾನ ಜಯನಗರಕ್ಕೆ ಕಾಲಿಟ್ಟಿತು ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಬಂದರಂತೆ. ಮನೆಗೆ ಬಂದ ಸಹೋದ್ಯೋಗಿಗಳಿಗೆಲ್ಲ ಪಟ ತೋರಿಸಿ, ಧ್ವನಿ ತಗ್ಗಿಸಿ ಅಜ್ಜಿಯ ವಿಷಯ ಹೇಳುತ್ತಿದ್ದರು. ಅಜ್ಜಿಗೆ ಕಿವಿ ಚುರುಕು. “ಏ, ನನ್ನನ್ನೂ ಕಟ್ಟು ಹಾಕಿಸಿ ನೇತುಹಾಕೋ ಮುಂಡೇಮಗನೇ” ಎಂದು ಒಳಗಿನಿಂದಲೇ ಕೂಗುತ್ತಿದ್ದಳು.

ನಾಲ್ಕು ತಿಂಗಳಿಗೆ ಕೂದಲು ಎರಡು ಬೆರಳಷ್ಟು ಬಂತು. ಬಂದದ್ದು ಗುಂಗುರು! ಒಂದು ದಿನ ಸ್ನಾನ ಮಾಡಿ ಬಂದವಳು ನನ್ನ ಕೈಗನ್ನಡಿ ಕೇಳಿ ಇಸಿದುಕೊಂಡು, ಕಿಟಕಿಯ ಬೆಳಕಿಗೆ ತಲೆ ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು. ತನ್ನದು ಗುಂಗುರು ಕೂದಲು ಎನ್ನುವುದನ್ನೇ ನಲವತ್ತು ವರ್ಷದಲ್ಲಿ ಅವಳು ಮರೆತುಬಿಟ್ಟಿದ್ದಳು.

“ಅಯ್ಯೋ, ಇದು ನಮ್ಮಮ್ಮನ ಕೂದಲು ಕಣೇ,” ಅಂದಳು ನನಗೆ. “ಥೇಟ್ ನಮ್ಮಮ್ಮನದೇ.” ಕನ್ನಡಿ ಹಿಡಿದುಕೊಂಡೇ ಅತ್ತಳು. ಅಜ್ಜಿ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಏನು ಮಾಡಬೇಕೋ ತೋಚದೆ ನಾನೂ ಅತ್ತೆ. ಅಮ್ಮ ಬಂದು ನೋಡಿ, “ಅತ್ತೆ, ನೀವೂ ಈಗ ಹಾಲ್‌ನಲ್ಲಿರೋ ಕವಿಗಳ ಹಾಗೇ ಕಾಣ್ತೀರ” ಅಂದಳು. ಅಳುತ್ತಿದ್ದವಳು “ನಂದು ಚೌರಿ ಅಲ್ಲಮ್ಮ, ಸ್ವಂತದ್ದು” ಎಂದು ಮೂಗು ಒರೆಸಿಕೊಂಡಳು.

ಚೈತ್ರದಲ್ಲಿ ತಾತನ ಶ್ರಾದ್ಧ. ಅಪ್ಪನ ವಿವೇಕದ ಶತಮಾನ ಅಲ್ಲಿಗೆ ಮುಗಿಯಿತು.

ನಲವತ್ತು ವರ್ಷವೂ ಶ್ರಾದ್ಧದ ಅಡುಗೆ ಅಜ್ಜಿಯದೇ. ಆ ಒಂದು ದಿನ ಅಮ್ಮನನ್ನೂ ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಗಂಡನಿಗೆ ತಾನೇ ಬಡಿಸುತ್ತಿದ್ದೇನೆ ಎನ್ನುವುದು ಅವಳ ಗಟ್ಟಿ ನಂಬಿಕೆ. ನಾಲ್ಕು ದಿನ ಮುಂಚಿನಿಂದಲೇ ಅಪ್ಪ ಬೆಕ್ಕಿನ ಹೆಜ್ಜೆ ಇಡುತ್ತಾ ಅವಳ ಸುತ್ತ ಸುಳಿದಾಡಿ ಕೊನೆಗೂ ಬಾಯಿ ಬಿಟ್ಟರು.

“ಅಮ್ಮ, ನಾಳೆ ಶಾಸ್ತ್ರಿಗಳು ಬರ್ತಾರೆ. ಸೆರಗು ಸ್ವಲ್ಪ ಬಿಗಿಯಾಗಿ ಹೊದ್ದುಕೊಂಡ್ರೆ ಕೆಳಗೆ ಏನಿದೆ ಅಂತ ಯಾರಿಗೆ ಗೊತ್ತಾಗುತ್ತೆ?”

“ನಿನ್ನ ಪಟದೋರು ಬೋಳುತಲೆ ಮುಚ್ಚೋಕೆ ಕೂದಲು ಇಟ್ಕೊಂಡ್ರು. ನಾನು ಕೂದಲು ಮುಚ್ಚಿ ಬೋಳಿ ಹಾಗೆ ನಾಟಕ ಆಡ್ಬೇಕೇನೋ? ನಾನೇನು ಕದ್ದು ತಂದಿದೀನಾ ಇದನ್ನ?”

ಮಾರನೆಯ ದಿನ ಪುರೋಹಿತರಾದ ಶಾಸ್ತ್ರಿಗಳು ಸಾಮಾನಿನ ಪಟ್ಟಿ ಹೇಳಲು ಬಂದರು. ಅವರು ಚಾಪೆಯ ಮೇಲೆ ಕೂರುವ ಮೊದಲೇ ಅಜ್ಜಿ ಎದುರಿಗೆ ಹೋಗಿ ಸೆರಗು ಹೆಗಲಿಗೆ ಎಳೆದುಕೊಂಡಳು. ಶಾಸ್ತ್ರಿಗಳು “ಶಿವ ಶಿವಾ” ಎಂದು ಕಣ್ಣು ಮುಚ್ಚಿದರು.

“ಕಣ್ಣು ಬಿಡಿ ಶಾಸ್ತ್ರಿಗಳೇ, ತಲೆ ತಾನೇ ತೋರಿಸಿದ್ದು.”

“ತಾಯೀ, ಹೀಗಿದ್ರೆ ತಾವು ಅಡುಗೆಮನೆಗೆ ಬರೋ ಹಾಗಿಲ್ಲ. ತಾವು ಮುಟ್ಟಿದ್ದನ್ನ ಪಿತೃಗಳು ಸ್ವೀಕರಿಸಲ್ಲ. ನಾಳೆ ಬೆಳಗ್ಗೆಯೊಳಗೆ ಕ್ಷೌರ ಆದ್ರೆ ಸರಿ, ಇಲ್ಲದಿದ್ರೆ ಹಿಂದಿನ ಕೋಣೆಯಲ್ಲಿ ಇದ್ದುಬಿಡಿ.”

ನಾವೆಲ್ಲ ಅಪ್ಪನ ಕಡೆ ನೋಡಿದೆವು. ಎಡಗಡೆ ಗೋಡೆಯ ಮೇಲೆ ಅವರ ಐದು ಜನ ಗುರುಗಳು. ಮೂಢನಂಬಿಕೆಯನ್ನು ಬರೀ ವ್ಯಂಗ್ಯದಿಂದಲೇ ಕೊಂದವರು ಎಂದು ಅವರ ಬಗ್ಗೆ ಒಂದೊಂದು ಗಂಟೆ ಪಾಠ ಮಾಡುತ್ತಿದ್ದ ಮನುಷ್ಯ ಕನ್ನಡಕ ತೆಗೆದು ಪಂಚೆಯಿಂದ ಒರೆಸಿ ಹೇಳಿದ್ದು ಇಷ್ಟು: “ಅಮ್ಮ, ಒಂದು ಸಲ… ಮತ್ತೆ ಬೆಳೆಯುತ್ತಲ್ಲ.”

ಅಜ್ಜಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ನಿಮ್ಮಪ್ಪ ಹೋದಾಗ ನಿನಗೆ ನಾಲ್ಕು ವರ್ಷ. ಹತ್ತನೇ ದಿನ ಒಬ್ಬನೇ ಕ್ಷೌರದವನು, ಒಂದೇ ಕತ್ತಿ. ಮೊದಲು ನಿನಗೆ, ಆಮೇಲೆ ನನಗೆ. ನೀನು ನನ್ನ ತಲೆ ನೋಡಿ ಹೆದರಿ, ಇದು ನಮ್ಮಮ್ಮ ಅಲ್ಲ ಅಂತ ಅತ್ತೆ. ಎರಡು ದಿನ ನನ್ನ ಹತ್ರ ಬರಲಿಲ್ಲ. ಆರು ತಿಂಗಳಿಗೆ ನಿನಗೆ ತಲೆ ತುಂಬ ಕೂದಲು ಬಂತು. ನಿನಗೆ ಬೆಳೀಬಹುದು, ನನಗೆ ಬೆಳೀಬಾರದೇನೋ?”

ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಎಷ್ಟಿತ್ತು ಅಂದರೆ, ಐದು ಪಟಗಳನ್ನೂ ತೆಗೆದು ಅವರ ತಲೆಯ ಮೇಲೆ ಒಡೆಯಬೇಕು ಅನ್ನಿಸಿತು. ಒಡೆಯಲಿಲ್ಲ, ನಾನೂ ಅವರ ಮಗಳೇ.

“ನಾಳೆ ನಿನ್ನ ಹೆಂಡ್ತಿ ಅಡುಗೆ ಮಾಡಲಿ,” ಅಂದಳು ಅಜ್ಜಿ. “ನಲವತ್ತು ವರ್ಷ ಮಾಡಿ ಹಾಕಿದೀನಿ ಅವರಿಗೆ. ನಾನು ಅವರ ಜೊತೆ ಬಾಳಿದ್ದು ಆರೇ ವರ್ಷ. ಈ ಸಲ ಉಂಡರೆ ಉಣ್ಣಲಿ, ಬಿಟ್ಟರೆ ಬಿಡಲಿ.”

ಶ್ರಾದ್ಧದ ದಿನ ಅಮ್ಮ ಮಡಿಯುಟ್ಟು ಹೊಗೆಯಲ್ಲಿ ಒದ್ದಾಡಿದಳು. ಅಜ್ಜಿ ಹಿಂದಿನ ಕೋಣೆಗೆ ಹೋಗಲಿಲ್ಲ. ಮುಂದಿನ ಜಗಲಿಯಲ್ಲಿ, ಬೀದಿಗೆ ಕಾಣುವ ಹಾಗೆ, ಬೆತ್ತದ ಕುರ್ಚಿ ಹಾಕಿಸಿಕೊಂಡು ಕೂತಳು. ಒಳಗಿನಿಂದ ವಡೆಯ ವಾಸನೆ ಬಂದಾಗೆಲ್ಲ ಕತ್ತು ಹೊರಳಿಸಿ ಮೂಸುತ್ತಿದ್ದಳು. “ಎಣ್ಣೆ ಕಾದಿಲ್ಲ” ಅಂದಳು ಒಮ್ಮೆ. ಇನ್ನೊಮ್ಮೆ “ಮೆಣಸು ಸಾಲದು” ಅಂದಳು. ಅವಳ ಸಂಕಟ ಏನು ಎಂದು ನನಗೆ ಗೊತ್ತಿತ್ತು. ಕೂದಲು ಬೇಕಾಗಿತ್ತು ನಿಜ, ಆದರೆ ಆ ಒಲೆಯೂ ಬೇಕಾಗಿತ್ತು.

ಹನ್ನೊಂದು ಗಂಟೆಗೆ ನನ್ನನ್ನು ಹತ್ತಿರ ಕರೆದಳು. “ಆ ಮೂಲೆ ಹೋಟೆಲಿನಿಂದ ಒಂದು ಲೋಟ ಕಾಫಿ ತರ್‍ತೀಯೇನೇ?”

ನಾನು ಬೆಚ್ಚಿಬಿದ್ದೆ. ಶ್ರಾದ್ಧದ ದಿನ, ಬ್ರಾಹ್ಮಣರ ಊಟವಾಗುವ ಮೊದಲು, ಅದೂ ಹೋಟೆಲ್ ಕಾಫಿ! ಜನ್ಮದಲ್ಲಿ ಅವಳು ಹೋಟೆಲಿನ ನೀರು ಮುಟ್ಟಿದವಳಲ್ಲ.

“ಅಜ್ಜಿ, ಉಪವಾಸ?”

“ಅಡುಗೆಮನೆಗೆ ಬೇಡವಾದೋಳಿಗೆ ಉಪವಾಸ ಯಾಕೆ? ಹೋಗು, ಬಿಸಿಯಾಗಿ ತಾ.”

ತಂದುಕೊಟ್ಟೆ. ಒಳಗೆ ಮಂತ್ರ ನಡೆಯುತ್ತಿತ್ತು. ಅಜ್ಜಿ ತಲೆ ಎತ್ತಿ ಲೋಟವನ್ನು ತುಟಿಗೆ ತಾಗಿಸದೆ ಗಟಗಟ ಕುಡಿದು, “ಬರೀ ಚಿಕೋರಿ. ಇದಕ್ಕೋಸ್ಕರ ಗಂಡಸರು ಮನೆ ಬಿಟ್ಟು ಹೋಗ್ತಾರಲ್ಲೇ” ಅಂದಳು. ನಾನು ನಕ್ಕೆ, ಅವಳೂ ನಕ್ಕಳು. ಅಪ್ಪ ಸಂಜೆಯವರೆಗೂ ಜಗಲಿಗೆ ಬರಲಿಲ್ಲ. ಆ ರಾತ್ರಿ ಹಾಲ್‌ನ ಪಟಗಳನ್ನೆಲ್ಲ ಇಳಿಸಿ ಬೀರುವಿನ ಮೇಲಿಟ್ಟರು.

ಅದೇ ವರ್ಷ ಕಾರ್ತಿಕದಲ್ಲಿ ಅಜ್ಜಿ ಮೂರು ದಿನದ ಜ್ವರಕ್ಕೆ ಹೋದಳು. ಕೂದಲು ಕಿವಿ ದಾಟಿ ಕತ್ತಿನವರೆಗೆ ಬಂದಿತ್ತು.

ಬೆಳಗ್ಗೆ ಹಾಲ್‌ನಲ್ಲಿ ನೆಲದ ಮೇಲೆ ಮಲಗಿಸಿದ್ದೆವು. ಶಾಸ್ತ್ರಿಗಳು ಬಂದರು. ಅಪ್ಪ ತಲೆ ಬೋಳಿಸಿಕೊಳ್ಳಬೇಕಾಗಿತ್ತಲ್ಲ, ಸಿದ್ದಾಪುರದ ಮುದುಕರಿಗೂ ಹೇಳಿ ಕಳಿಸಿದ್ದೆವು. ಅವರು ಚೀಲ ಎದೆಗೆ ಒತ್ತಿಕೊಂಡು ಹಿಂಬಾಗಿಲಲ್ಲಿ ನಿಂತಿದ್ದರು. ಶಾಸ್ತ್ರಿಗಳು ಅಜ್ಜಿಯ ತಲೆ ನೋಡಿ ಅಪ್ಪನನ್ನು ಪಕ್ಕಕ್ಕೆ ಕರೆದರು.

“ಸಕೇಶಿಯಾಗಿ ಕಳಿಸೋ ಹಾಗಿಲ್ಲ. ಹೇಗೂ ಕ್ಷೌರದವರು ಬಂದಿದಾರೆ. ಮೊದಲು ತಾಯಿಯವರಿಗೆ ಆಗಲಿ, ಆಮೇಲೆ ನಿಮಗೆ.”

ಅಪ್ಪ ಏನು ಹೇಳುತ್ತಾರೆ ಎಂದು ನನಗೆ ಖಾತ್ರಿ ಇತ್ತು. ಕನ್ನಡಕ ತೆಗೆಯುತ್ತಾರೆ, ಒರೆಸುತ್ತಾರೆ, ಹೂಂ ಅನ್ನುತ್ತಾರೆ. ಕನ್ನಡಕ ತೆಗೆದರು. ಒರೆಸಲಿಲ್ಲ.

“ಅವಳನ್ನ ಮುಟ್ಟಬೇಡಿ.”

“ಶಾಸ್ತ್ರ ಹಾಗೆ ಹೇಳುತ್ತೆ ಸ್ವಾಮಿ…”

“ಅವಳು ಬೇಡ ಅಂದಿದ್ಲು.”

“ಹಾಗಾದ್ರೆ ಮಂತ್ರ ಹೇಳೋರು ಯಾರು?”

“ನೀವು ಹೇಳದಿದ್ರೆ ನಾನೇ ಹೇಳ್ತೀನಿ, ತಪ್ಪೋ ಒಪ್ಪೋ. ಅವಳನ್ನ ಮಾತ್ರ ಯಾರೂ ಮುಟ್ಟಬೇಡಿ.” ನಲವತ್ತೈದು ವರ್ಷದ ಗಂಡಸು ನಾಲ್ಕು ವರ್ಷದ ಮಗುವಿನ ಹಾಗೆ ಬಿಕ್ಕುತ್ತಿದ್ದರು. ಶಾಸ್ತ್ರಿಗಳು ಏನೋ ಗೊಣಗಿಕೊಂಡು ದರ್ಭೆಯ ಕಟ್ಟು ಬಿಚ್ಚಿದರು.

ಅಪ್ಪ ಹಿತ್ತಿಲಿಗೆ ಹೋಗಿ ಮುದುಕರ ಮುಂದೆ ತಲೆ ತಗ್ಗಿಸಿ ಕೂತರು. ನಾನು ನನ್ನ ಬಾಚಣಿಗೆಯನ್ನೂ ಎಣ್ಣೆಯ ಬಟ್ಟಲನ್ನೂ ತಂದು ಅಜ್ಜಿಯ ತಲೆಯ ಹತ್ತಿರ ಕೂತೆ. ಎಣ್ಣೆ ಹಚ್ಚಿದೆ. ಜ್ವರದಲ್ಲಿ ಹೊರಳಾಡಿ ಹಿಂದಲೆಯೆಲ್ಲ ಸಿಕ್ಕಾಗಿತ್ತು, ನಿಧಾನವಾಗಿ ಬಿಡಿಸಿದೆ. ಅಪ್ಪ ಬೋಳುತಲೆಯಲ್ಲಿ ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತು ನೋಡುತ್ತಿದ್ದರು.

“ಜಡೆ ಹಾಕ್ತೀಯೇನಮ್ಮ?” ಅಂದರು.

ಮೂರು ಎಳೆ ಮಾಡಿ ನೋಡಿದೆ. ಅಷ್ಟು ಉದ್ದ ಇನ್ನೂ ಬಂದಿರಲಿಲ್ಲ.